ಎರಡು ಅಂಗುಲದ ಸಿಲಿಂಡರು

ನಮ್ಮ ಮೆಕ್ಯಾನಿಕಲ್ ವಿಭಾಗದ ಸುವರ್ಣ ಮಹೋತ್ಸವದ ಸಂಚಿಕೆಗೆ ಉಷ್ಣಯಂತ್ರ ಪ್ರಯೋಗಾಲಯದ ಚರಿತ್ರೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅಲ್ಲಿನ ಗಾಜಿನ ಬೀರು. ಅದರ ಮೇಲಿನ ಹಲಗೆಗಳಲ್ಲಿ ಮರದ ಬಾಯ್ಲರ್ ಮಾದರಿಗಳು: ಕಾಕ್ರನ್, ಲ್ಯಾಂಕಾಷೈರ್, ಬಾಬ್‌ಕಾಕ್ ವಿಲ್ಕಾಕ್ಸ್. ಒಳಗಿನದು ಕಾಣಲೆಂದು ಅರ್ಧಕ್ಕೆ ಸೀಳಿ, ನೀರಿಗೆ ನೀಲಿ, ಬೆಂಕಿಗೆ ಕೆಂಪು ಬಳಿದಿದ್ದವು. ಕೆಳಗಿನ ಹಲಗೆಯ ಮೂಲೆಯಲ್ಲಿ ಒಂದೇ ಒಂದು ಲೋಹದ ಯಂತ್ರ. ಅಂಗೈಯಗಲದ ಫ್ಲೈವೀಲು, ಹೆಬ್ಬೆರಳು ಹೋಗುವಷ್ಟು ಅಗಲದ ಹಿತ್ತಾಳೆ ಸಿಲಿಂಡರು, ಪಕ್ಕದಲ್ಲಿ ಪುಟ್ಟ ತಾಮ್ರದ ಬಾಯ್ಲರು. ಬೀರುವಿನ ಉಳಿದ ಮಾದರಿಗಳು ಉಗಿಯಂತ್ರದ ಚಿತ್ರಗಳಾದರೆ ಇದು ಉಗಿಯಂತ್ರವೇ. ಬೆಂಕಿ ಹಾಕಿದರೆ ಓಡುತ್ತದೆ. ನಾನು ಪಾಠ ಮಾಡಿದ ಮೂವತ್ತೊಂದು ವರ್ಷಗಳಲ್ಲಿ ಅದು ಓಡಿದ್ದನ್ನು ಎರಡೇ ಸಲ ಕಂಡಿದ್ದೆ. ವೈವಾ ದಿನ ಹೊರಗೆ ತೆಗೆದು, ಭಾಗಗಳ ಹೆಸರು ಕೇಳಿ, ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದೆವು.

ಅದರ ಚರಿತ್ರೆ ಒಂದು ಪುಟವೂ ಆಗುವುದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲಿದೆ, ಅಷ್ಟೇ. ಆದರೆ ಆ ಪುಟ್ಟ ಯಂತ್ರದ ವಂಶದ ಹಿರಿಯನೊಬ್ಬ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿದ್ದಾನೆ. ಮಗಳ ಮನೆಗೆ ಹೋಗಿದ್ದಾಗ ಅವನನ್ನು ನೋಡಿ ಬಂದೆ. ಒಂದು ಪಾಠದ ಕೋಣೆ, ಅಲ್ಲಿಟ್ಟಿದ್ದ ಎರಡು ಕೆಟ್ಟುಹೋದ ಮಾದರಿಗಳು, ಅವನ್ನು ಬಿಚ್ಚಿದ ಇಬ್ಬರು ಯುವಕರು: ಆ ಸಂಸ್ಥೆಯ ಚರಿತ್ರೆಯಲ್ಲಿ ನಮ್ಮ ಪ್ರಯೋಗಾಲಯದ ಚರಿತ್ರೆಗೂ ಪಾಲಿದೆ ಎಂದು ನಂಬಿ ಅದನ್ನೇ ಬರೆಯುತ್ತಿದ್ದೇನೆ.

ಗ್ಲಾಸ್ಗೋ ವಿಶ್ವವಿದ್ಯಾನಿಲಯ 1451ರಲ್ಲಿ ಹುಟ್ಟಿದ್ದು. ಈಗಿನ ಕಟ್ಟಡ ಗಿಲ್ಮೋರ್‌ಹಿಲ್ ಎಂಬ ದಿಣ್ಣೆಯ ಮೇಲಿದೆ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ರೂಪಿಸಿದ, ಗೋಪುರ ಕಮಾನುಗಳ ದೊಡ್ಡ ಕಲ್ಲುಕಟ್ಟಡ. ದಿಣ್ಣೆಯ ಬುಡದಲ್ಲಿ ಹರಿಯುವ ಹೊಳೆಯ ಹೆಸರು ಕೆಲ್ವಿನ್. ಹೆಸರು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ. ಕಟ್ಟಡದೊಳಗೆ ಮೆಟ್ಟಿಲು ಹತ್ತಿ ಹೋದರೆ ಹಂಟೇರಿಯನ್ ವಸ್ತುಸಂಗ್ರಹಾಲಯ. ವಿಲಿಯಂ ಹಂಟರ್ ಎಂಬ ಅಂಗರಚನಾಶಾಸ್ತ್ರದ ವೈದ್ಯ 1783ರಲ್ಲಿ ತೀರಿಕೊಂಡಾಗ ತಾನು ಕೂಡಿಸಿದ ನಾಣ್ಯ, ಪುಸ್ತಕ, ಚಿತ್ರ, ದೇಹಭಾಗಗಳ ಸಂಗ್ರಹವನ್ನೆಲ್ಲ ಈ ವಿಶ್ವವಿದ್ಯಾನಿಲಯಕ್ಕೆ ಬರೆದಿಟ್ಟ. ಅದನ್ನಿಡಲು ಕಟ್ಟಿದ ಮನೆ 1807ರಲ್ಲಿ ಬಾಗಿಲು ತೆರೆಯಿತು. ಸ್ಕಾಟ್ಲೆಂಡಿನ ಅತಿ ಹಳೆಯ ಸಾರ್ವಜನಿಕ ವಸ್ತುಸಂಗ್ರಹಾಲಯ ಇದೇ. ಹಂಟರನಿಗೂ ಉಗಿಗೂ ಸಂಬಂಧವಿಲ್ಲ. ನಾನು ಹುಡುಕಿಕೊಂಡು ಹೋದ ಯಂತ್ರ ಅವನ ಸಂಗ್ರಹದ್ದಲ್ಲ, ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಪಾಠದ ಕೋಣೆಯದು. ಆ ಕಾಲಕ್ಕೆ ಭೌತವಿಜ್ಞಾನಕ್ಕೆ ಪ್ರಕೃತಿ ತತ್ತ್ವಶಾಸ್ತ್ರ ಎಂದು ಹೆಸರು.

ಗಾಜಿನ ಹಿಂದೆ ಅದು ನಿಂತಿದೆ. ಮರದ ಚೌಕಟ್ಟು, ತಕ್ಕಡಿಯ ದಂಡಿಯಂತೆ ನಡುವೆ ಆನಿಕೊಂಡ ತೊಲೆ, ತೊಲೆಯ ಎರಡೂ ತುದಿಗೆ ಕಮಾನಿನಾಕಾರದ ತಲೆ, ಅದರಿಂದ ಇಳಿಬಿದ್ದ ಸರಪಳಿ. ಒಂದು ಸರಪಳಿ ಹಿತ್ತಾಳೆ ಸಿಲಿಂಡರಿನ ಪಿಸ್ಟನ್ನಿಗೆ, ಇನ್ನೊಂದು ಪಂಪಿನ ಸರಳಿಗೆ. ಸಿಲಿಂಡರಿನ ಒಳವ್ಯಾಸ ಎರಡು ಅಂಗುಲ, ಪಿಸ್ಟನ್ನಿನ ಓಟ ಆರು ಅಂಗುಲ. ಬಾಯ್ಲರಿನ ಅಗಲ ಸುಮಾರು ಒಂಬತ್ತು ಅಂಗುಲ. ಎಂಜಿನಿಯರಿಂಗ್ ಓದಿದ ಯಾರಿಗಾದರೂ ಈ ಮೂರು ಅಂಕಿ ಬಾಯಿಪಾಠವಾಗಿರಬೇಕು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು. ಗಾಜಿಗೆ ಮೂಗು ಒತ್ತಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮಗಳು ಬಂದು ಭುಜ ಮುಟ್ಟಿ ಕರೆದಳು.

ಇದು ನ್ಯೂಕಮೆನ್ ಯಂತ್ರದ ಮಾದರಿ. ಥಾಮಸ್ ನ್ಯೂಕಮೆನ್ ಇಂಗ್ಲೆಂಡಿನ ಡಾರ್ಟ್‌ಮತ್ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ. 1712ರಲ್ಲಿ ಡಡ್ಲಿ ಕೋಟೆಯ ಬಳಿಯ ಕಲ್ಲಿದ್ದಲು ಗಣಿಯಿಂದ ನೀರೆತ್ತಲು ಅವನು ನಿಲ್ಲಿಸಿದ ಯಂತ್ರ ಲೋಕದಲ್ಲಿ ದುಡಿಮೆಗೆ ನಿಂತ ಮೊದಲ ಪಿಸ್ಟನ್ ಉಗಿಯಂತ್ರ. ಕೆಟಲಿನ ಮುಚ್ಚಳ ಕುಣಿಯುವುದನ್ನು ನೋಡಿ ಜೇಮ್ಸ್ ವ್ಯಾಟ್ ಎಂಬ ಹುಡುಗ ಉಗಿಯಂತ್ರ ಕಂಡುಹಿಡಿದ ಎಂದು ನಾವೆಲ್ಲ ಪ್ರೈಮರಿ ಶಾಲೆಯಲ್ಲಿ ಓದಿದ್ದೇವೆ. ವ್ಯಾಟ್ ಹುಟ್ಟುವ ಹೊತ್ತಿಗೆ ನ್ಯೂಕಮೆನ್ನನ ಯಂತ್ರಕ್ಕೆ ಇಪ್ಪತ್ತನಾಲ್ಕು ವರ್ಷ ತುಂಬಿತ್ತು. ಆ ಕಥೆಯನ್ನು ಪಾಠದಿಂದ ತೆಗೆದು ಈ ಎರಡು ಅಂಗುಲದ ಸಿಲಿಂಡರಿನ ಕಥೆ ಹಾಕಬೇಕೆಂಬುದು ನನ್ನ ಬಹಳ ವರ್ಷಗಳ ಆಸೆ. ಇದು ನಿಜವೂ ಹೌದು, ಮಕ್ಕಳಿಗೆ ಹೆಚ್ಚು ಕಲಿಸುವುದೂ ಹೌದು.

ನ್ಯೂಕಮೆನ್ ಯಂತ್ರ ನಡೆಯುವ ಬಗೆ ಹೀಗೆ. ಪಿಸ್ಟನ್ನಿನ ಕೆಳಗೆ ಸಿಲಿಂಡರಿನ ತುಂಬ ಉಗಿ ಬಿಡುತ್ತಾರೆ. ಆಮೇಲೆ ಅದೇ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸುತ್ತಾರೆ. ಉಗಿ ನೀರಾಗಿ ಕುಗ್ಗುತ್ತದೆ, ಒಳಗೆ ಬರಿದಾಗುತ್ತದೆ. ಮೇಲಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ, ತೊಲೆಯ ಆಚೆ ತುದಿ ಮೇಲೆದ್ದು ಗಣಿಯ ನೀರು ಎತ್ತುತ್ತದೆ. ಕೆಲಸ ಮಾಡುವುದು ಗಾಳಿ, ಅದಕ್ಕೆ ಜಾಗ ಮಾಡಿಕೊಡುವುದು ಉಗಿ. ದೋಷ ಎಲ್ಲಿದೆ ಎಂಬುದನ್ನು ಅಡುಗೆಮನೆಯಲ್ಲಿ ದುಡಿದವರು ತಟ್ಟನೆ ಹಿಡಿಯುತ್ತಾರೆ. ಒಂದು ದೋಸೆ ಎತ್ತಿದ ಮೇಲೆ ಕಾವಲಿಯ ಮೇಲೆ ಚೊಂಬುಗಟ್ಟಲೆ ನೀರು ಸುರಿದು ಪೂರಾ ತಣ್ಣಗೆ ಮಾಡಿ, ಮತ್ತೆ ಕಾಯಿಸಿ ಇನ್ನೊಂದು ದೋಸೆ ಹೊಯ್ದರೆ ಸೌದೆ ಎಷ್ಟು ಬೇಕು? ಪ್ರತಿ ಓಟಕ್ಕೂ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸಬೇಕಾಗಿತ್ತು. ಕಲ್ಲಿದ್ದಲು ಗಣಿಯ ಬಾಯಲ್ಲೇ ಇಟ್ಟ ಯಂತ್ರವಾದ್ದರಿಂದ ಅರ್ಧ ಶತಮಾನ ಈ ದುಂದು ಹೆಚ್ಚಿನವರ ಮನಸ್ಸನ್ನು ಕಾಡಲಿಲ್ಲ.

ಗ್ಲಾಸ್ಗೋ ವಿಶ್ವವಿದ್ಯಾನಿಲಯ ಇದರ ಮಾದರಿಯೊಂದನ್ನು ಪಾಠಕ್ಕೆಂದು ಇಟ್ಟುಕೊಂಡಿತ್ತು. ಅದು ಸರಿಯಾಗಿ ಓಡಲಿಲ್ಲ. ಲಂಡನ್ನಿನ ಸಿಸನ್ ಎಂಬ ಉಪಕರಣ ತಯಾರಕರಲ್ಲಿಗೆ ರಿಪೇರಿಗೆ ಕಳಿಸಿದರು. ಅದು ಅಲ್ಲೇ ಉಳಿದುಬಿಟ್ಟಿತು. 1760ರ ಜೂನ್ ತಿಂಗಳ ನಡಾವಳಿಯಲ್ಲಿ ಒಂದು ನಿರ್ಣಯ ಇದೆ: ಸಿಸನ್ನನಿಂದ ಯಂತ್ರ ವಾಪಸು ತರಲು ಪ್ರೊಫೆಸರ್ ಆ್ಯಂಡರ್ಸನ್ನರು ಎರಡು ಪೌಂಡಿಗೆ ಮೀರದಂತೆ ಖರ್ಚು ಮಾಡಬಹುದು. ಕಾಲೇಜುಗಳಲ್ಲಿ ಉಪಕರಣ ರಿಪೇರಿಯ ಫೈಲು ಹಿಡಿದು ಓಡಾಡಿದ ನಮ್ಮಂಥವರಿಗೆ ಆ ಒಂದು ಸಾಲು ಓದಿದರೆ ಬಂಧುವೊಬ್ಬ ಸಿಕ್ಕಷ್ಟು ಸಮಾಧಾನವಾಗುತ್ತದೆ.

ಈ ಜಾನ್ ಆ್ಯಂಡರ್ಸನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ವ್ಯಾಟ್‌ನ ಹೆಸರಿನ ನೆರಳಿನಲ್ಲಿ ಮರೆತುಹೋದ ಮೇಷ್ಟ್ರು ಅವರು. 1757ರಿಂದ ಪ್ರಕೃತಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಪ್ರಯೋಗ ಮಾಡಿ ತೋರಿಸದೆ ಪಾಠವಿಲ್ಲ ಎಂಬ ಹಟದವರು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ನಿಲುವಂಗಿ ತೊಟ್ಟು ಬರುವ ಕಾಲದಲ್ಲಿ, ಊರಿನ ಕಸುಬುದಾರರು ಕೆಲಸದ ಬಟ್ಟೆಯಲ್ಲೇ ಬಂದು ಕೇಳಲಿ ಎಂದು ಬೇರೆ ತರಗತಿ ನಡೆಸಿದರು. ಸುಟ್ಟು ಸಿಡಿಸುವ ಪ್ರಯೋಗಗಳನ್ನು ಕಂಡು ಹುಡುಗರು ಅವರಿಗೆ ಪ್ರೀತಿಯಿಂದ ರಂಜಕದ ಅಡ್ಡಹೆಸರಿಟ್ಟಿದ್ದರು. 1796ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಹೊಸ ವಿದ್ಯಾಸಂಸ್ಥೆಗೆಂದು ಬರೆದಿಟ್ಟರು. ಅದು ಬೆಳೆದು ಇಂದಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾನಿಲಯವಾಗಿದೆ. ಓಡದ ಮಾದರಿಯನ್ನು ಬೀರುವಿನಲ್ಲಿಟ್ಟು ಭಾಗಗಳ ಹೆಸರು ಹೇಳಿಸಿ ತೃಪ್ತರಾಗುವ ಮೇಷ್ಟ್ರು ಅವರಾಗಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಇದನ್ನು ಬರೆಯುವಾಗ ನಮ್ಮ ಬೀರು ಕಣ್ಣೆದುರು ಬರುತ್ತದೆ.

ವ್ಯಾಟ್ ಆಗ ಅದೇ ಆವರಣದಲ್ಲಿದ್ದ ಕೆಲಸಗಾರ. 1736ರಲ್ಲಿ ಗ್ರೀನಕ್ ಬಂದರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಒಂದು ವರ್ಷ ಗಣಿತೋಪಕರಣ ತಯಾರಿಕೆ ಕಲಿತು ಬಂದಿದ್ದ. ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಮೊದಲು ಸಿಕ್ಕ ಕೆಲಸ, ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಎಂಬಾತ ಜಮೈಕಾದಿಂದ ಬಿಟ್ಟುಹೋದ ಖಗೋಳ ಉಪಕರಣಗಳನ್ನು ಶುಚಿಮಾಡುವುದು. ಹಡಗಿನಲ್ಲಿ ಬರುವಾಗ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಮ್ಯಾಕ್‌ಫರ್ಲೇನನ ಸಂಪತ್ತು ಗುಲಾಮರ ದುಡಿಮೆಯಿಂದ ಬಂದದ್ದು. ಸಂಸ್ಥೆಯ ಚರಿತ್ರೆ ಬರೆಯುವವರು ಇಂಥದ್ದನ್ನು ದಾಟಿಕೊಂಡು ಹೋಗಬಾರದು. ಗ್ಲಾಸ್ಗೋ ವಿಶ್ವವಿದ್ಯಾನಿಲಯವೂ ದಾಟಿಕೊಂಡು ಹೋಗಿಲ್ಲ. ಗುಲಾಮಗಿರಿಯ ಹಣದಿಂದ ತನಗಾದ ಲಾಭವನ್ನು ಒಪ್ಪಿಕೊಂಡು 2018ರಲ್ಲಿ ವರದಿ ಪ್ರಕಟಿಸಿತು, ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದೊಡನೆ 2 ಕೋಟಿ ಪೌಂಡುಗಳ ಒಪ್ಪಂದ ಮಾಡಿಕೊಂಡಿತು. ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಫೋಟೊ ಹಾಕುವಾಗ ನೆನೆಯಬೇಕಾದ ನಡವಳಿಕೆ ಇದು. ಆ ಉಪಕರಣಗಳ ಕೆಲಸ ಮೆಚ್ಚಿಗೆಯಾಗಿ 1757ರಲ್ಲಿ ವ್ಯಾಟ್‌ಗೆ ಕಾಲೇಜಿನ ಒಳಗೇ ಒಂದು ಕಾರ್ಯಾಗಾರ ಸಿಕ್ಕಿತು.

1763ರ ಚಳಿಗಾಲದಲ್ಲಿ ಆ್ಯಂಡರ್ಸನ್ ಮಾದರಿಯನ್ನು ಅವನ ಕೈಗೆ ಕೊಟ್ಟರು. ಬಾಯ್ಲರು ನೋಡಲು ದೊಡ್ಡದಾಗಿಯೇ ಇತ್ತು, ಯಂತ್ರದಲ್ಲಿ ಮುರಿದದ್ದೇನೂ ಕಾಣಲಿಲ್ಲ. ಆದರೂ ಬೆಂಕಿ ಊದಿ ಊದಿ ಓಡಿಸಿದರೆ ಕೆಲವೇ ಓಟ ಓಡಿ ನಿಲ್ಲುತ್ತಿತ್ತು. ದೊಡ್ಡ ಯಂತ್ರಗಳು ಗಣಿಗಳಲ್ಲಿ ಹಗಲು ರಾತ್ರಿ ಓಡುತ್ತಿರುವಾಗ ಅದರದೇ ಅಚ್ಚಾದ ಈ ಚಿಕ್ಕದು ಯಾಕೆ ಉಸಿರುಗಟ್ಟಬೇಕು?

ನನ್ನ ಮೂವತ್ತೊಂದು ವರ್ಷಗಳ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಉತ್ತರ ಗಾತ್ರದಲ್ಲಿದೆ. ಡಡ್ಲಿ ಯಂತ್ರದ ಸಿಲಿಂಡರು 21 ಅಂಗುಲ ಅಗಲ, ಮಾದರಿಯದು 2 ಅಂಗುಲ. ಸಿಲಿಂಡರಿನ ಅಗಲ ಕಡಿಮೆಯಾದಂತೆ ಒಳಗೆ ಹಿಡಿಯುವ ಉಗಿ ಬೇಗ ಬೇಗ ಕಡಿಮೆಯಾಗುತ್ತದೆ, ಆ ಉಗಿಯನ್ನು ಮುಟ್ಟುವ ಗೋಡೆ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಲೆಕ್ಕ ಹಾಕಿದರೆ, ಪ್ರತಿ ಘನ ಅಂಗುಲ ಉಗಿಗೆ ಮಾದರಿಯಲ್ಲಿ ದೊಡ್ಡ ಯಂತ್ರಕ್ಕಿಂತ ಹತ್ತು ಪಟ್ಟಿಗೂ ಮೀರಿದ ಗೋಡೆ. ಬಚ್ಚಲಮನೆಯ ಹಂಡೆಯ ನೀರು ಬೆಳಗಿನಿಂದ ಮಧ್ಯಾಹ್ನದ ತನಕ ಬಿಸಿಯಾಗಿರುತ್ತದೆ, ಅದೇ ಹಂಡೆಯಿಂದ ಚೊಂಬಿಗೆ ತೋಡಿಟ್ಟ ನೀರು ಸ್ನಾನಕ್ಕೆ ಕೂರುವಷ್ಟರಲ್ಲಿ ಆರಿರುತ್ತದೆ. ಜೊತೆಗೆ ಮಾದರಿಯ ಸಿಲಿಂಡರು ಹಿತ್ತಾಳೆಯದು. ಎರಕದ ಕಬ್ಬಿಣಕ್ಕಿಂತ ಚುರುಕಾಗಿ ಶಾಖ ಹೀರುವ ಲೋಹ. ಬಂದ ಉಗಿಯ ಬಹುಪಾಲನ್ನು ಆ ತಣ್ಣನೆಯ ಗೋಡೆಯೇ ಕುಡಿದುಬಿಡುತ್ತಿತ್ತು. ದೊಡ್ಡ ಯಂತ್ರದಲ್ಲೂ ಇದೇ ನಷ್ಟವಿತ್ತು, ಆದರೆ ಯಂತ್ರ ನಿಲ್ಲುವಷ್ಟಿರಲಿಲ್ಲ. ಐವತ್ತು ವರ್ಷ ಗಣಿಗಳಲ್ಲಿ ಅಡಗಿದ್ದ ದೋಷ ಈ ಪುಟ್ಟ ಯಂತ್ರದಲ್ಲಿ ಅಡಗಲು ಜಾಗ ಸಾಲದೆ ಹೊರಬಿತ್ತು.

ಮೊದಲಿಗೆ ವ್ಯಾಟ್ ಮಾಡಿದ್ದು ನೇರವಾದ ರಿಪೇರಿ. ಪಂಪು ಎತ್ತಬೇಕಾದ ನೀರಿನ ಎತ್ತರ ಕಡಿಮೆ ಮಾಡಿದ. ಹೊರೆ ಇಳಿಯಿತು, ಚಿಮ್ಮಿಸುವ ತಣ್ಣೀರು ಕಡಿಮೆ ಸಾಕಾಯಿತು, ಮಾದರಿ ಓಡಿತು. ಆ್ಯಂಡರ್ಸನ್ನರ ಪಾಠಕ್ಕೆ ಅಷ್ಟು ಸಾಕಿತ್ತು. ಕೆಲಸ ಮುಗಿಸಿ ಬಿಲ್ಲು ಕೊಡಬಹುದಿತ್ತು. ಆದರೆ ಪ್ರಶ್ನೆ ಅವನನ್ನು ಬಿಡಲಿಲ್ಲ. ಮರದ ಸಿಲಿಂಡರು ಮಾಡಿ, ಅಗಸೆ ಎಣ್ಣೆ ಕುಡಿಸಿ ಒಣಗಿಸಿ ನೋಡಿದ: ಆರು ಅಂಗುಲ ಅಗಲ, ಒಂದಡಿ ಓಟ. ಮರ ಶಾಖ ಹೀರುವುದು ಕಡಿಮೆ, ಬಾಳಿಕೆಯೂ ಕಡಿಮೆ. ಒಂದು ಅಳತೆ ನೀರು ಕುದಿದರೆ ಎಷ್ಟು ಉಗಿಯಾಗುತ್ತದೆಂದು ಅಳೆದ. ಸುಮಾರು 1800 ಪಟ್ಟು ಎಂದು ಬಂತು. ಕೆಟಲಿನ ಮೂತಿಗೆ ಗಾಜಿನ ಕೊಳವೆ ಸಿಕ್ಕಿಸಿ ಉಗಿಯನ್ನು ತಣ್ಣೀರಿನೊಳಕ್ಕೆ ಬಿಟ್ಟು ನೋಡಿದ. ಕೆಟಲು ಕಥೆಯೊಳಗೆ ಬಂದದ್ದು ಹೀಗೆ, ಅಡುಗೆಮನೆಯ ಹುಡುಗನಾಗಿ ಅಲ್ಲ, ಇಪ್ಪತ್ತೆಂಟರ ಆಸುಪಾಸಿನ ಕಸುಬುದಾರನಾಗಿ. ಉಗಿಯಾದ ನೀರು ತನ್ನ ತೂಕದ ಆರರಷ್ಟು ಬಾವಿನೀರನ್ನು ಕುದಿಯುವ ಮಟ್ಟಕ್ಕೆ ಏರಿಸಿತು. ಅಷ್ಟೊಂದು ಶಾಖ ಉಗಿಯಲ್ಲಿ ಎಲ್ಲಿ ಅಡಗಿತ್ತು? ಬೆರಗಾಗಿ ಅದೇ ಕಾಲೇಜಿನ ಜೋಸೆಫ್ ಬ್ಲ್ಯಾಕರನ್ನು ಕೇಳಿದ. ಗುಪ್ತೋಷ್ಣವನ್ನು ಕಂಡುಕೊಂಡು ಆಗಲೇ ಪಾಠ ಮಾಡುತ್ತಿದ್ದವರು ಅವರು. ಒಂದೇ ಅಂಗಳದಲ್ಲಿ ಪ್ರಾಧ್ಯಾಪಕನೂ ಮೆಕ್ಯಾನಿಕ್ಕೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವಂತಿದ್ದರೆಂಬುದು ನನ್ನ ಮಟ್ಟಿಗೆ ಆ ಸಂಸ್ಥೆಯ ದೊಡ್ಡ ಸಾಧನೆ.

1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ನಡೆದುಹೋಗುತ್ತಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಉಗಿಯನ್ನು ಸಿಲಿಂಡರಿನಲ್ಲಿ ಯಾಕೆ ತಣಿಸಬೇಕು? ಪಕ್ಕದಲ್ಲಿ ಇನ್ನೊಂದು ಪಾತ್ರೆ ಇಟ್ಟು, ಅದರೊಳಗೆ ಗಾಳಿ ತೆಗೆದು ತಣ್ಣಗಿಟ್ಟರೆ, ಉಗಿ ತಾನಾಗಿ ಅಲ್ಲಿಗೆ ನುಗ್ಗಿ ನೀರಾಗುತ್ತದೆ. ಸಿಲಿಂಡರು ಸದಾ ಬಿಸಿ, ಕಂಡೆನ್ಸರು ಸದಾ ತಂಪು. 1769ರ ಪೇಟೆಂಟು, ಉದ್ಯಮಿ ಬೌಲ್ಟನ್ನನ ಪಾಲುದಾರಿಕೆ, ಗಣಿ ಗಿರಣಿಗಳು, ಮುಂದಿನದು ಎಲ್ಲ ಪುಸ್ತಕಗಳಲ್ಲೂ ಇದೆ. ನನಗೆ ಹೆಚ್ಚು ಹಿಡಿಸುವುದು ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿರುವ 1766ರ ಜೂನ್ ತಿಂಗಳ ನಮೂದು: ತಾಮ್ರದ ಕೊಳವೆ ಮತ್ತು ತೊಟ್ಟಿಗಳ ಸಮೇತ ಉಗಿಯಂತ್ರ ರಿಪೇರಿ ಮತ್ತು ಮಾರ್ಪಾಡಿಗೆ ಜೇಮ್ಸ್ ವ್ಯಾಟ್ ಕೊಟ್ಟ ಬಿಲ್ಲು, 5 ಪೌಂಡು 11 ಶಿಲ್ಲಿಂಗು. ನಲವತ್ತು ವರ್ಷಗಳ ಬಳಿಕ, 1806ರಲ್ಲಿ, ಅದೇ ವಿಶ್ವವಿದ್ಯಾನಿಲಯ ತನ್ನ ಹಳೆಯ ಮೆಕ್ಯಾನಿಕ್ಕಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇಲ್ಲಿಗೆ ಕಥೆ ನಿಂತಿದ್ದರೆ ಇದೊಂದು ಅದೃಷ್ಟದ ಪ್ರಸಂಗ ಎನ್ನಬಹುದಿತ್ತು. ಅದೇ ಪಾಠದ ಕೋಣೆಯಲ್ಲಿ ಎಂಬತ್ತು ವರ್ಷ ಕಳೆದ ಮೇಲೆ ಅದೇ ಪ್ರಸಂಗ ಇನ್ನೊಂದು ಮಾದರಿಯೊಡನೆ ಮತ್ತೆ ನಡೆಯಿತು. ಇದು ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲದ ಸಂಗತಿ.

ರಾಬರ್ಟ್ ಸ್ಟರ್ಲಿಂಗ್ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಉಗಿಯ ಬದಲು ಬಿಸಿಗಾಳಿಯಿಂದ ಓಡುವ ಎಂಜಿನ್ನಿಗೆ 1816ರಲ್ಲಿ ಪೇಟೆಂಟು ಪಡೆದವನು. ಬಿಸಿಯಾದ ಗಾಳಿ ಹಿಗ್ಗಿ ಪಿಸ್ಟನ್ನು ನೂಕುತ್ತದೆ, ಹೊರಟ ಶಾಖವನ್ನು ನಡುವೆ ಒಂದು ಭಾಗ ಹಿಡಿದಿಟ್ಟುಕೊಂಡು ಮತ್ತೆ ಕೊಡುತ್ತದೆ. ಇದರ ಓಡುವ ಮಾದರಿಯೊಂದನ್ನು ಅವನು ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಕೊಟ್ಟಿದ್ದ. ಕಾಲ ಕಳೆದು ಅದು ಬೀರು ಸೇರಿತು.

1846ರಲ್ಲಿ ಪ್ರಕೃತಿ ತತ್ತ್ವಶಾಸ್ತ್ರದ ಪೀಠಕ್ಕೆ ಬಂದವನು ಇಪ್ಪತ್ತೆರಡು ವರ್ಷದ ವಿಲಿಯಂ ಥಾಮ್ಸನ್. ಬಂದವನೇ ಹಳೆಯ ಉಪಕರಣಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡ. ಮುಂದೆ ಕಾಲೇಜಿನ ಬಳಕೆಯಿಲ್ಲದ ವೈನ್ ನೆಲಮಾಳಿಗೆಯಲ್ಲಿ ಅವನು ಹೂಡಿದ ಪ್ರಯೋಗಾಲಯ ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳಲ್ಲೇ ವಿದ್ಯಾರ್ಥಿಗಳು ಕೈಯಾರೆ ಪ್ರಯೋಗ ಮಾಡಿದ ಮೊದಲ ಭೌತವಿಜ್ಞಾನ ಪ್ರಯೋಗಾಲಯ. 1847ರಲ್ಲಿ ಸ್ಟರ್ಲಿಂಗ್ ಮಾದರಿ ಅವನ ಕಣ್ಣಿಗೆ ಬಿತ್ತು. ಧೂಳು ಎಣ್ಣೆ ಕಲೆತು ಜಡ್ಡುಗಟ್ಟಿ ಅಲುಗಾಡದಂತಾಗಿತ್ತು. ಬಿಚ್ಚಿಸಿದ, ತೊಳೆಸಿದ, ಓಡಿಸಿದ. ಆ ವಸಂತದಲ್ಲೇ ಗ್ಲಾಸ್ಗೋ ಫಿಲಸಾಫಿಕಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಮಾತಾಡಿದ.

ಓಡುವ ಯಂತ್ರ ಕೈಯಲ್ಲಿದ್ದರೆ ಅದನ್ನು ಹಿಂದುಮುಂದಾಗಿ ತಿರುಗಿಸಿ ನೋಡಬೇಕೆನ್ನಿಸುತ್ತದೆ. ಹಾಗೆ ತಿರುಗಿಸಿದರೆ ಅದು ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ, ಅಂದರೆ ನೀರನ್ನು ಮಂಜುಗಡ್ಡೆ ಮಾಡಬಲ್ಲದು. ಇಲ್ಲಿ ವಿಲಿಯಂಗೂ ಅವನ ಅಣ್ಣ ಜೇಮ್ಸ್ ಥಾಮ್ಸನ್ನನಿಗೂ ಒಂದು ಒಗಟು ಎದುರಾಯಿತು. ಯಂತ್ರದ ಎರಡೂ ಬದಿ ನೀರು ಗಡ್ಡೆಕಟ್ಟುವ ಉಷ್ಣತೆಯಲ್ಲೇ ಇದ್ದರೆ, ಕಾರ್ನೊ ಎಂಬ ಫ್ರೆಂಚ್ ಎಂಜಿನಿಯರ್ 1824ರಲ್ಲಿ ಹೇಳಿದ ಸಿದ್ಧಾಂತದ ಪ್ರಕಾರ ಶಾಖ ಸಾಗಿಸಲು ಕೆಲಸವೇ ಬೇಕಿಲ್ಲ. ಹಾಗಾದರೆ ಏನೂ ಖರ್ಚಿಲ್ಲದೆ ನೀರು ಗಡ್ಡೆಯಾಗುತ್ತದೆ. ಆದರೆ ನೀರು ಗಡ್ಡೆಯಾಗುವಾಗ ಹಿಗ್ಗುತ್ತದೆ, ಹಿಗ್ಗುವಾಗ ಭಾರ ಎತ್ತಬಲ್ಲದು. ಖರ್ಚಿಲ್ಲದೆ ದುಡಿಮೆ ಬಂದಂತಾಯಿತು. ಪುಕ್ಕಟೆ ದುಡಿಮೆ ಪ್ರಕೃತಿಯಲ್ಲಿಲ್ಲ. ಎಲ್ಲಿ ತಪ್ಪು? ಜೇಮ್ಸ್ ಕೊಟ್ಟ ಉತ್ತರ ಇಂದಿಗೂ ಓದಿದಾಗ ಮೈ ನವಿರೇಳುತ್ತದೆ: ಒತ್ತಡ ಹೆಚ್ಚಾದರೆ ನೀರು ಗಡ್ಡೆಯಾಗುವ ಉಷ್ಣತೆಯೇ ಚೂರು ಇಳಿಯಬೇಕು. ಎಷ್ಟು ಎಂದೂ ಲೆಕ್ಕ ಹಾಕಿದ: ವಾಯುಮಂಡಲದ ಒಂದು ಪಟ್ಟು ಒತ್ತಡಕ್ಕೆ ಸೆಲ್ಸಿಯಸ್‌ನ 0.0075 ಡಿಗ್ರಿ. ಅದುವರೆಗೆ ಯಾರೂ ಅಳೆದಿರಲಿಲ್ಲ. 1849ರಲ್ಲಿ ಅವನು ಅದನ್ನು ಪ್ರಕಟಿಸಿದ, 1850ರಲ್ಲಿ ತಮ್ಮ ಪ್ರಯೋಗ ಮಾಡಿ ಅಳೆದ, ಅಂಕಿ ಹೊಂದಿತು. ನಡುವೆ 1848ರಲ್ಲಿ ಇದೇ ವಿಚಾರದ ಗುಂಗಿನಲ್ಲಿ ವಿಲಿಯಂ ಉಷ್ಣತೆಗೆ ನಿರಪೇಕ್ಷ ಮಾನವೊಂದನ್ನು ಸೂಚಿಸಿದ್ದ. ಮುಂದೆ ಅವನಿಗೆ ಲಾರ್ಡ್ ಪದವಿ ಬಂದಾಗ ವಿಶ್ವವಿದ್ಯಾನಿಲಯದ ದಿಣ್ಣೆಯ ಕೆಳಗೆ ಹರಿಯುವ ಹೊಳೆಯ ಹೆಸರು ಇಟ್ಟುಕೊಂಡ. ನಾವು ಉಷ್ಣತೆ ಅಳೆಯುವ ಕೆಲ್ವಿನ್ ಆ ಹೊಳೆ.

ನಮ್ಮ ಮನೆಗಳ ಬಲ್ಬಿನ ಮೇಲೆ ವ್ಯಾಟ್, ಪ್ರಯೋಗದ ಪುಸ್ತಕದಲ್ಲಿ ಕೆಲ್ವಿನ್. ಎರಡೂ ಮಾನಗಳ ಹೆಸರು ಒಂದೇ ಪಾಠದ ಕೋಣೆಯ ಸಾಮಾನು ರಿಪೇರಿ ಮಾಡಿದವರದು. ಜೊತೆಗೆ ಇನ್ನೊಂದು ಹೆಸರು ಸೇರಿಸಬೇಕು. 1855ರಿಂದ ಅದೇ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ಪೀಠದಲ್ಲಿದ್ದ ರ್‍ಯಾಂಕಿನ್, 1859ರಲ್ಲಿ ಉಗಿಯಂತ್ರದ ಬಗ್ಗೆ ಬರೆದ ಕೈಪಿಡಿಯಿಂದ ಆ ವಿದ್ಯೆಯನ್ನು ಕಸುಬಿನಿಂದ ಶಾಸ್ತ್ರಕ್ಕೆ ತಂದವರು. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಇವತ್ತಿಗೂ ಓಡುವುದು ರ್‍ಯಾಂಕಿನ್ ಚಕ್ರದಲ್ಲೇ. ನಮ್ಮ ನಾಲ್ಕನೇ ಸೆಮಿಸ್ಟರಿನ ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಬೈದುಕೊಂಡು ಓದುವುದೂ ಅದನ್ನೇ.

ವ್ಯಾಟ್‌ನ ಕಾರ್ಯಾಗಾರ ಎಲ್ಲಿತ್ತೆಂದು ನೋಡಲು ಹೈ ಸ್ಟ್ರೀಟಿಗೆ ಹೋದೆ. ಹಳೆಯ ಕಾಲೇಜು ಇದ್ದದ್ದು ಆ ಬೀದಿಯಲ್ಲಿ. ಈಗ ಏನೂ ಇಲ್ಲ. ಹತ್ತೊಂಬತ್ತನೇ ಶತಮಾನದ ನಡುವೆ ಊರು ಹೊಗೆಯಿಂದ ತುಂಬಿ, ಸುತ್ತಲಿನ ಕೇರಿಗಳು ಇಕ್ಕಟ್ಟಾಗಿ, ವಿಶ್ವವಿದ್ಯಾನಿಲಯ ಜಾಗವನ್ನು ರೈಲ್ವೆ ಕಂಪನಿಗೆ ಮಾರಿ 1870ರಲ್ಲಿ ಗಿಲ್ಮೋರ್‌ಹಿಲ್ ಸೇರಿತು. ಕಾಲೇಜಿನ ಅಂಗಳ ಗೂಡ್ಸ್ ಯಾರ್ಡ್ ಆಯಿತು. ಹಂಟರನ ಸಂಗ್ರಹಕ್ಕೆಂದು ಕಟ್ಟಿದ ಚೆಂದದ ಮನೆಯೂ ಉಳಿಯಲಿಲ್ಲ. ವ್ಯಾಟ್ ಮಾದರಿಯ ಮುಂದೆ ತಲೆ ಕೆರೆದುಕೊಂಡು ಕೂತ ನೆಲದ ಮೇಲೆ ಉಗಿಬಂಡಿಗಳು ಸರಕು ಹೊತ್ತು ಓಡಾಡಿದವು. ಹಳೆಯ ಕಟ್ಟಡದ ಸಿಂಹ ಮತ್ತು ಏಕಶೃಂಗಿಯ ಕಲ್ಲಿನ ಮೆಟ್ಟಿಲುಸಾಲನ್ನು ಬಿಚ್ಚಿ ಹೊಸ ಜಾಗಕ್ಕೆ ಸಾಗಿಸಿದ್ದಾರೆ. ಅದರ ಮೇಲೆ ಕೈಯಾಡಿಸಿ ಬಂದೆ.

ಹಂಟೇರಿಯನ್‌ನಲ್ಲಿ ಶಿಲ್ಪಿ ಚಾಂಟ್ರಿ ಕೆತ್ತಿದ ವ್ಯಾಟ್‌ನ ಅಮೃತಶಿಲೆಯ ಪ್ರತಿಮೆಯೂ ಇದೆ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾದರಿಯ ಮುಂದೆ ನಿಲ್ಲುವವರು ಕಡಿಮೆ. ಅದು ಓಡುವುದಿಲ್ಲ ಎಂಬುದು ಒಂದು ಕಾರಣವಿರಬಹುದು. ಇಷ್ಟು ಬೆಲೆಬಾಳುವ ವಸ್ತುವಿಗೆ ಬೆಂಕಿ ಹಾಕಿ ಎಂದು ಕೇಳುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಅಂಥದ್ದೇ ಇನ್ನೊಂದನ್ನು ಮಾಡಿ ಪಕ್ಕದಲ್ಲಿ ಓಡಿಸಬಹುದು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರ ಜುಲೈ 14ರಂದು ನೆಹರೂ ಉದ್ಘಾಟಿಸಿದರು, 1965ರಲ್ಲಿ ವಿದ್ಯುತ್ ವಿಭಾಗ ಜನರಿಗೆ ತೆರೆಯಿತು. ನನ್ನ ತಲೆಮಾರಿನ ಎಷ್ಟೋ ಮಂದಿಗೆ ಎಂಜಿನಿಯರಿಂಗ್ ಹುಚ್ಚು ಹತ್ತಿದ್ದು ಅಲ್ಲಿ ಗುಂಡಿ ಒತ್ತಿ, ಯಂತ್ರದ ಒಳಗು ತಿರುಗುವುದನ್ನು ನೋಡಿ. ಆದರೂ ಮೋಟರಿನಿಂದ ತಿರುಗುವ ಮಾದರಿ ಕೆಡುವುದು ಮೋಟರು ಕೆಟ್ಟಾಗ. ಉಗಿಯಿಂದ ಓಡುವ ಮಾದರಿ ಕೆಡುವುದು ಉಗಿಯ ಕಾರಣಕ್ಕೆ. ಕಲಿಯುವವನಿಗೆ ಬೇಕಾದದ್ದು ಎರಡನೆಯದು.

ಇನ್ನು ನಮ್ಮ ಬೀರುವಿನ ಚರಿತ್ರೆ. ಊರಿಗೆ ಮರಳಿದ ಮೇಲೆ, ನಿವೃತ್ತನಾದರೂ ಪ್ರಯೋಗಾಲಯಕ್ಕೆ ಹೋಗಿ ಬೀಗದಕೈ ಕೇಳಿದೆ. ಮೆಕ್ಯಾನಿಕ್ಕು, ನಾನು, ಆರನೇ ಸೆಮಿಸ್ಟರಿನ ನಾಲ್ವರು ವಿದ್ಯಾರ್ಥಿಗಳು ಸೇರಿ ಪುಟ್ಟ ಯಂತ್ರವನ್ನು ಬೆಂಚಿನ ಮೇಲಿಟ್ಟೆವು. ಸ್ಲೈಡ್ ವಾಲ್ವು ಒಣಗಿದ ಎಣ್ಣೆಯಲ್ಲಿ ಅಂಟಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ ಬಿಡಿಸಿದೆವು. ಪಿಸ್ಟನ್ನಿನ ಪ್ಯಾಕಿಂಗ್ ಪುಡಿಯಾಗಿತ್ತು, ಹೊಸದು ಸುತ್ತಿದೆವು. ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ ಒತ್ತಡ ಕೊಟ್ಟು ಸೋರಿಕೆ ನೋಡಿದೆವು, ಸೇಫ್ಟಿ ವಾಲ್ವು ಬಿಚ್ಚಿ ಶುಚಿಮಾಡಿ ಹೊಂದಿಸಿದೆವು. ಕಂಪ್ರೆಸರಿನ ಗಾಳಿ ಬಿಟ್ಟಾಗ ಒಂದೇ ಸಲಕ್ಕೆ ಗರಗರ ಓಡಿತು. ಹುಡುಗರು ಚಪ್ಪಾಳೆ ತಟ್ಟಿದರು.

ಮರುದಿನ ಬೆಂಕಿ ಹಾಕಿದೆವು. ಗೇಜಿನ ಮುಳ್ಳು ಏರಿತು, ವಾಲ್ವು ತೆರೆದೆವು. ಎಗ್ಸಾಸ್ಟ್ ಕೊಳವೆಯಿಂದ ಬಂದದ್ದು ಬರೀ ನೀರು. ಚಕ್ರ ನಾಲ್ಕೈದು ಸುತ್ತು ಸುತ್ತಿ ನಿಂತಿತು. ಮತ್ತೆ ಬೆರಳಿನಲ್ಲಿ ತಿರುಗಿಸಿದೆವು, ಮತ್ತೆ ನೀರು ಉಗುಳಿ ನಿಂತಿತು. ನಾಲ್ವರಲ್ಲಿ ಒಬ್ಬಳು ಗೇಜನ್ನೇ ನೋಡುತ್ತಿದ್ದಳು. "ಪ್ರೆಶರ್ ಇದೆಯಲ್ಲ ಸಾರ್, ಗಾಳಿಗೆ ಓಡಿದ್ದು ಉಗಿಗೆ ಯಾಕೆ ನಿಲ್ಲುತ್ತೆ?" ಎಂದಳು.

"ಸಿಲಿಂಡರಿನ ಮೇಲೆ ಒಂದು ಕ್ಷಣ ಬೆರಳಿಟ್ಟು ನೋಡಮ್ಮ" ಎಂದೆ.

ಇಟ್ಟಳು. ಸುಡಬಹುದೆಂದು ಹೆದರಿ ತಟ್ಟನೆ ಹಿಂದಕ್ಕೆಳೆದು, ಮತ್ತೆ ನಿಧಾನವಾಗಿ ಇಟ್ಟಳು. "ಇನ್ನೂ ಉಗುರುಬೆಚ್ಚಗಿದೆ ಸಾರ್."